ನೀರು ಕಾಯುವ ಕೆಲಸ

ಹಾಸನ ಜಿಲ್ಲೆಯ ಹಳ್ಳಿಗೆ ಹೋಗಿ ‘ನೀರಗಂಟಿ ಯಾರು?’ ಎಂದು ವಿಚಾರಿಸಿದರೆ ಇಂದು ಜನ ಬೆರಳು ತೋರಿಸುವುದು ಗ್ರಾಮ ಪಂಚಾಯಿತಿಯ ಪಂಪು ನೋಡಿಕೊಳ್ಳುವವನ ಕಡೆಗೆ. ಕೊಳವೆ ಬಾವಿಯ ಮೋಟಾರು ಹಾಕಿ, ಓವರ್‌ಹೆಡ್ ಟ್ಯಾಂಕು ತುಂಬಿಸಿ, ಬೆಳಿಗ್ಗೆ ಮೇಲಿನ ಬೀದಿಗೆ, ಸಂಜೆ ಕೆಳಗಿನ ಬೀದಿಗೆ ವಾಲ್ವ್ ತಿರುಗಿಸುವುದು ಅವನ ಕೆಲಸ. ಕರೆಂಟು ಹೋದರೂ, ಪೈಪು ಒಡೆದರೂ ಬೈಸಿಕೊಳ್ಳುವವನು ಅವನೇ. ಈ ಹುದ್ದೆ ಇತ್ತೀಚಿನದು. ಹೆಸರು ಮಾತ್ರ ಮೋಟಾರು, ಪೈಪುಗಳಿಗಿಂತ ಎಷ್ಟೋ ಶತಮಾನ ಹಳೆಯದು. ಕೆರೆ, ಕಟ್ಟೆ, ಕಾಲುವೆಗಳನ್ನು ಹಗಲಿರುಳು ಕಾಯುತ್ತಿದ್ದ, ಕಳ್ಳತನದಿಂದ ನೀರನ್ನೂ ನೀರಿನಿಂದ ಊರನ್ನೂ ರಕ್ಷಿಸುತ್ತಿದ್ದ ಮನುಷ್ಯನ ಹೆಸರು ಅದು.

ಜಲಮಾರ್ಗಗಳ ಪೊಲೀಸ್ ಎಂದ ಕೂಡಲೇ ಓದಿದವರಿಗೆ ನೆನಪಾಗುವುದು ಲಂಡನ್ನಿನ ಥೇಮ್ಸ್ ನದಿ. ಅಲ್ಲಿ 1798ರಲ್ಲಿ ಪ್ಯಾಟ್ರಿಕ್ ಕೊಹೂನ್ ಮತ್ತು ಜಾನ್ ಹ್ಯಾರಿಯಟ್ ಎಂಬಿಬ್ಬರ ಯೋಜನೆಯಂತೆ ನದಿ ಪೊಲೀಸ್ ಪಡೆಯೊಂದು ಹುಟ್ಟಿತು. ವೆಸ್ಟ್ ಇಂಡೀಸಿನಿಂದ ಬರುತ್ತಿದ್ದ ಹಡಗುಗಳ ಸಕ್ಕರೆ, ರಮ್ಮು ಬಂದರಿನಲ್ಲಿ ಕಳುವಾಗುತ್ತಿದ್ದುದನ್ನು ತಡೆಯಲು ವರ್ತಕರೇ ಹಣ ಹಾಕಿ ಕಟ್ಟಿಸಿದ ಪಡೆ ಅದು. ಇನ್ನೆರಡು ವರ್ಷದಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಅಲ್ಲಿ ಕಾಯಬೇಕಾಗಿದ್ದುದು ನೀರಿನ ಮೇಲಿದ್ದ ಸರಕು. ಹೇಮಾವತಿ, ಕಾವೇರಿಗಳ ದಂಡೆಯಲ್ಲಿ ನೀರೇ ಸರಕು. ಆದ್ದರಿಂದ ಇಲ್ಲಿಯ ಪೊಲೀಸನಿಗೆ ದೋಣಿ ಬೇಕಾಗಿರಲಿಲ್ಲ. ಒಂದು ಗುದ್ದಲಿ, ಒಂದು ಕೋಲು, ರಾತ್ರಿ ಬೆಳಕಿಗೆ ಒಂದು ಪಂಜು ಸಾಕಾಗಿತ್ತು.

ಹಳೆಯ ಮೈಸೂರಿನ ಗ್ರಾಮಾಡಳಿತದಲ್ಲಿ ಹನ್ನೆರಡು ಮಂದಿ ಆಯಗಾರರಿದ್ದರು. ಗೌಡ, ಶಾನುಭೋಗ, ತಳವಾರ, ತೋಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ಜೋಯಿಸ ಮೊದಲಾದ ಈ ಪಟ್ಟಿ ಊರಿನಿಂದ ಊರಿಗೆ ಅಷ್ಟಿಷ್ಟು ಬದಲಾಗುತ್ತಿತ್ತು. ಗದ್ದೆ ಬಯಲಿರುವ ಊರುಗಳಲ್ಲಿ ನೀರಗಂಟಿಗೆ ಅದರಲ್ಲಿ ಸ್ಥಾನ ಖಾಯಂ. 1810ರಲ್ಲಿ ಮೈಸೂರಿನ ಇತಿಹಾಸದ ಮೊದಲ ಸಂಪುಟ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಹನ್ನೆರಡು ಮಂದಿಯನ್ನು ಹೆಸರಿಸುವಾಗ ನೀರಗಂಟಿಯನ್ನು ಮರೆತಿಲ್ಲ. ಊರಿನ ತಳವಾರ ಮನೆಮಠಗಳ ಕಾವಲು ನೋಡಿಕೊಂಡರೆ ನೀರಗಂಟಿಯದು ಕೆರೆಯ ಏರಿಯಿಂದ ಕೊನೆಯ ಗದ್ದೆಯವರೆಗಿನ ಕಾವಲು. ಒಬ್ಬನನ್ನು ನೆಲದ ಪೊಲೀಸ್, ಇನ್ನೊಬ್ಬನನ್ನು ನೀರಿನ ಪೊಲೀಸ್ ಎಂದು ಕರೆದರೆ ತಪ್ಪಾಗಲಾರದು.

ಇಲ್ಲಿ ಒಂದು ಸ್ವಾರಸ್ಯ. ಬ್ರಿಟಿಷ್ ಪಾರ್ಲಿಮೆಂಟಿಗೆ 1812ರಲ್ಲಿ ಸಲ್ಲಿಸಿದ ಐದನೆಯ ವರದಿಯಲ್ಲಿ ಭಾರತದ ಹಳ್ಳಿಯ ಈ ನೌಕರವರ್ಗದ ವರ್ಣನೆ ಇದೆ. ಕೆರೆಕಾಲುವೆಗಳ ಮೇಲ್ವಿಚಾರಕ ವ್ಯವಸಾಯಕ್ಕೆ ನೀರು ಹಂಚುತ್ತಾನೆ ಎಂಬ ಮಾತೂ ಅದರಲ್ಲಿದೆ. 1853ರಲ್ಲಿ ಕಾರ್ಲ್ ಮಾರ್ಕ್ಸ್ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಭಾರತದ ಬಗ್ಗೆ ಬರೆದಾಗ ಆ ವರ್ಣನೆಯನ್ನೇ ಎತ್ತಿಕೊಂಡ. ದಕ್ಷಿಣ ಭಾರತದ ನೀರಗಂಟಿ ಹೀಗೆ ಹೆಸರಿಲ್ಲದೆಯೇ ಲೋಕಪ್ರಸಿದ್ಧ ಲೇಖನವೊಂದರೊಳಗೆ ನಡೆದುಹೋದ. ಅವನಿಗೆ ಅದು ಗೊತ್ತಾಗಿರಲಾರದು. ಬಹುಶಃ ಅಂದೂ ಅವನು ಯಾವುದಾದರೂ ಏರಿಯ ಮೇಲೆ ಏಡಿ ಕೊರೆದ ಬಿಲ ಮುಚ್ಚುತ್ತಿದ್ದ.

ಏಡಿಯ ಬಿಲ ಸಣ್ಣ ವಿಷಯವೆನಿಸಬಹುದು. ಮಣ್ಣಿನ ಏರಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಮಳೆಗಾಲದಲ್ಲಿ ಏರಿಯ ಹಿಂಬದಿ ಜಿನುಗುತ್ತಿದೆಯೇ, ಜಿನುಗಿದ ನೀರು ತಿಳಿಯಾಗಿದೆಯೇ ಕೆಂಪಾಗಿದೆಯೇ ಎಂದು ಕತ್ತಲಲ್ಲಿ ಹೋಗಿ ನೋಡಬೇಕು. ತಿಳಿಯಾಗಿದ್ದರೆ ಚಿಂತೆಯಿಲ್ಲ. ಕೆಂಪಾಗಿದ್ದರೆ ಒಳಗೆ ಮಣ್ಣು ಕರಗುತ್ತಿದೆ ಎಂದರ್ಥ, ಊರನ್ನು ಎಬ್ಬಿಸಬೇಕು. ಕೋಡಿಗೆ ಕಸಕಡ್ಡಿ ಕಟ್ಟಿಕೊಳ್ಳದಂತೆ ನೋಡಬೇಕು. ಏರಿಯ ಮೇಲೆ ದನ ಹತ್ತದಂತೆ, ಗಿಡ ಬೇರೂರದಂತೆ ಕಾಯಬೇಕು. ಬೆಳೆಗಾಲ ಬಂದಾಗ ತೂಬು ಎತ್ತುವ ಅಧಿಕಾರ ಅವನೊಬ್ಬನದು. ಎಷ್ಟು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಯಾವ ಬಯಲಿಗೆ ಮೊದಲು ಎಂಬುದೆಲ್ಲ ಊರು ಕೂತು ತೀರ್ಮಾನಿಸಿದರೂ ಅದನ್ನು ನಡೆಸಿಕೊಡುವವನು ಅವನು. ಗಡಿಯಾರ ಇಲ್ಲದ ಕಾಲದಲ್ಲಿ ಹಗಲು ನೆರಳು, ರಾತ್ರಿ ಚುಕ್ಕಿ ನೋಡಿ ಸರದಿ ಬದಲಿಸಬೇಕಿತ್ತು.

ಕಷ್ಟದ ಕಾಲ ಎಂದರೆ ಕೆರೆ ಅರ್ಧ ತುಂಬಿದ ವರ್ಷ. ತುಂಬಿದ ಕೆರೆಯಲ್ಲಿ ಜಗಳವಿಲ್ಲ, ಬತ್ತಿದ ಕೆರೆಯಲ್ಲಿ ಜಗಳ ಆಡಿ ಪ್ರಯೋಜನವಿಲ್ಲ. ಅರ್ಧ ಕೆರೆಯಲ್ಲಿ ಅಣ್ಣತಮ್ಮಂದಿರೂ ಗುದ್ದಲಿ ಎತ್ತುತ್ತಾರೆ. ಮೇಲಿನ ಗದ್ದೆಯವನು ರಾತ್ರಿ ಬಂದು ಬದುವಿನಲ್ಲಿ ಅಂಗೈಯಗಲ ಮಣ್ಣು ತೆಗೆದರೆ ಸಾಕು, ಬೆಳಗಾಗುವುದರೊಳಗೆ ಅವನ ಗದ್ದೆ ತುಂಬಿ, ಕೊನೆಯ ಗದ್ದೆಯವನ ಪೈರು ಬಾಡುತ್ತದೆ. ಕಳ್ಳತನದ ಗುರುತೂ ಉಳಿಯುವುದಿಲ್ಲ. ಕದ್ದ ನೀರಿನ ಮೇಲೆ ಯಾರ ಹೆಸರೂ ಇರುವುದಿಲ್ಲವಲ್ಲ! ಇದನ್ನು ತಡೆಯಬಲ್ಲವನು ರಾತ್ರಿಯೆಲ್ಲ ಕಾಲುವೆಗುಂಟ ನಡೆಯುವ, ನೀರಿನ ಸದ್ದಿನಲ್ಲೇ ಎಲ್ಲಿ ಮಡೆ ಒಡೆದಿದೆ ಎಂದು ಹೇಳಬಲ್ಲ ಮನುಷ್ಯ ಮಾತ್ರ.

ಇಂಥ ಮನುಷ್ಯ ನಿಷ್ಪಕ್ಷಪಾತಿಯಾಗಿರುವುದು ಹೇಗೆ? ಹಳೆಯ ವ್ಯವಸ್ಥೆ ಇದಕ್ಕೆ ಕಂಡುಕೊಂಡಿದ್ದ ಉತ್ತರದಲ್ಲಿ ಜಾಣತನವೂ ಇತ್ತು, ಕ್ರೌರ್ಯವೂ ಇತ್ತು. ಹಲವು ಕಡೆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆಯಿಲ್ಲದವನಿಗೇ, ಅಸ್ಪೃಶ್ಯರೆಂದು ಊರಾಚೆ ಇಟ್ಟಿದ್ದ ಮನೆತನಗಳಿಗೇ ಈ ಕೆಲಸ ಬಂದಿತ್ತು. ಸ್ವಂತ ಗದ್ದೆ ಇಲ್ಲದವನಿಗೆ ನೀರು ತಿರುಗಿಸಿಕೊಳ್ಳುವ ಆಸೆ ಎಲ್ಲಿಂದ ಬರಬೇಕು? ಸಂಬಳವಾಗಿ ಸುಗ್ಗಿಯಲ್ಲಿ ಪ್ರತಿ ಗದ್ದೆಯವನೂ ಇಷ್ಟು ಹೊರೆ, ಇಷ್ಟು ಕೊಳಗ ಎಂದು ಕಣದಲ್ಲೇ ಕೊಡಬೇಕು. ಕೊನೆಯ ಗದ್ದೆ ಒಣಗಿದರೆ ಅಲ್ಲಿಂದ ಬರುವ ಆಯವೂ ಒಣಗಿತು. ಆದ್ದರಿಂದ ಎಲ್ಲರ ಬೆಳೆಯೂ ಬೆಳೆಯುವುದು ಅವನ ಹೊಟ್ಟೆಯ ಪ್ರಶ್ನೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ರಾಶಿಯನ್ನು ಸರ್ಕಾರ ಮತ್ತು ರೈತ ಹಂಚಿಕೊಳ್ಳುವ ಮೊದಲೇ ಹಳ್ಳಿಯ ನೌಕರರ ಪಾಲುಗಳನ್ನು ತೆಗೆದಿಡುತ್ತಿದ್ದ ಕ್ರಮವನ್ನು ವಿವರವಾಗಿ ಬರೆದಿದ್ದಾನೆ. ಕೆಲವೆಡೆ ಇದರ ಜೊತೆಗೆ ನೀರಗಂಟಿ ಇನಾಮು ಎಂದು ತುಂಡು ಭೂಮಿಯೂ ಇರುತ್ತಿತ್ತು.

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದರ ಬುಡದಲ್ಲಿದ್ದುದು ಒಬ್ಬ ಮನುಷ್ಯನ ಭೂಹೀನತೆ. ಅವನು ಬಿಟ್ಟ ನೀರಿನಲ್ಲಿ ಬೆಳೆದ ಅಕ್ಕಿ ಎಲ್ಲರ ಮನೆಯಲ್ಲೂ ಬೇಯುತ್ತಿತ್ತು, ದೇವರ ನೈವೇದ್ಯಕ್ಕೂ ಹೋಗುತ್ತಿತ್ತು. ಅದೇ ಊರಿನ ಬಾವಿಯಿಂದ ಒಂದು ಕೊಡ ನೀರು ಸೇದುವ ಹಕ್ಕು ಅವನ ಹೆಂಡತಿಗೆ ಇರಲಿಲ್ಲ. ಅವನ ಕೈ ಸೋಂಕಿದ ನೀರು ಗದ್ದೆಗೆ ಆಗುತ್ತಿತ್ತು, ಮನೆಗೆ ಆಗುತ್ತಿರಲಿಲ್ಲ. ಹಳೆಯ ಕೆರೆ ವ್ಯವಸ್ಥೆಯನ್ನು ಹಾಡಿ ಹೊಗಳುವವರು ಈ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ನೆರೆಯ ಚಿಕ್ಕಮಗಳೂರು ಜಿಲ್ಲೆಯ ಕಡೂರು, ಸಖರಾಯಪಟ್ಟಣದ ಸೀಮೆಯ ದೊಡ್ಡ ಕೆರೆಗಳ ಬಗ್ಗೆ ಜನ ಹೇಳುವ ಕಥೆಯೊಂದಿದೆ. ಮಳೆಗಾಲದ ಒಂದು ರಾತ್ರಿ ಕೆರೆಯ ದೇವಿ ನೀರಗಂಟಿಗೆ ಕಾಣಿಸಿಕೊಂಡು, ಏರಿ ಒಡೆದು ಹೊರಟುಹೋಗುತ್ತೇನೆ ಎನ್ನುತ್ತಾಳೆ. ಊರಿನ ದೊರೆಗೆ ತಿಳಿಸಿ ಬರುತ್ತೇನೆ, ಬರುವವರೆಗೆ ನಿಲ್ಲು ತಾಯಿ ಎಂದು ಅವನು ಬೇಡಿಕೊಳ್ಳುತ್ತಾನೆ. ನೀನು ತಿರುಗಿ ಬರುವವರೆಗೆ ಹೋಗುವುದಿಲ್ಲವೆಂದು ದೇವಿ ಮಾತು ಕೊಡುತ್ತಾಳೆ. ಓಡಿ ಬಂದು ಸುದ್ದಿ ಹೇಳಿದವನನ್ನು ದೊರೆ ಅಲ್ಲೇ ಕಡಿಸುತ್ತಾನೆ. ನೀರಗಂಟಿ ತಿರುಗಿ ಹೋಗಲಿಲ್ಲ, ಕೆರೆ ಒಡೆಯಲಿಲ್ಲ. ಕಥೆಯನ್ನು ದೇವಿಯ ಸತ್ಯಕ್ಕೆ ನಿದರ್ಶನವಾಗಿ ಹೇಳುವುದು ರೂಢಿ. ದೊರೆಯ ಕಡೆಯಿಂದ ನೋಡಿದರೆ ಅಗ್ಗದಲ್ಲಿ ಮುಗಿದ ದುರಸ್ತಿ.

ಹಾಸನ ಜಿಲ್ಲೆಯ ದಕ್ಷಿಣದ ತಾಲ್ಲೂಕುಗಳಲ್ಲಿ ಕೆರೆಗಳ ಜೊತೆಗೆ ನದಿ ಕಾಲುವೆಗಳೂ ಉಂಟು. ಹೇಮಾವತಿಗೆ ಹೊಳೆನರಸೀಪುರದ ಸೀಮೆಯಲ್ಲಿ ಶ್ರೀರಾಮದೇವರ ಅಣೆಕಟ್ಟೆ, ಅದರಿಂದ ಹೊರಟ ಉತ್ತರ ಮತ್ತು ದಕ್ಷಿಣ ನಾಲೆಗಳು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಗೆ ಕಟ್ಟೇಪುರದ ಅಣೆಕಟ್ಟೆ. ಇವೆಲ್ಲ ಆಧುನಿಕ ಜಲಾಶಯಗಳಿಗಿಂತ ಬಹು ಹಿಂದಿನವು. ಕೆರೆಯ ನೀರು ಒಂದೂರಿನದು, ಹೆಚ್ಚೆಂದರೆ ನಾಲ್ಕೂರಿನದು. ನಾಲೆಯ ನೀರು ಹತ್ತಾರು ಊರುಗಳ ಗದ್ದೆ ದಾಟಿ ಹೋಗಬೇಕು. ಹಾಗಾಗಿ ಇಲ್ಲಿ ಕಾವಲು ಊರಿನ ಕೈಯಿಂದ ಸರ್ಕಾರದ ಕೈಗೆ ಬೇಗ ಸರಿಯಿತು. ನಾಲೆಯ ತೂಬಿಗೆ ಬೀಗ ಬಿತ್ತು. ಕೀಲಿ ಹಿಡಿದು ದಂಡೆಯ ಮೇಲೆ ತಿರುಗುವ ‘ಸೌಡಿ’ ಎಂಬ ನೌಕರ ಬಂದ. ಊರಿನ ನೀರಗಂಟಿಗೆ ಬೆಳೆದವರು ಕೊಡುತ್ತಿದ್ದರು, ಸೌಡಿಗೆ ಇಲಾಖೆ ಕೊಡುತ್ತಿತ್ತು. ಮೇಲ್ನೋಟಕ್ಕೆ ಸಣ್ಣ ವ್ಯತ್ಯಾಸ. ಆದರೆ ಅಂದಿನಿಂದ ಕೊನೆಯ ಗದ್ದೆ ಒಣಗಿದರೆ ಕಾವಲುಗಾರನ ತಟ್ಟೆಗೆ ಏನೂ ಕಡಿಮೆಯಾಗದಂತಾಯಿತು.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಮಾತ್ರ ಇನ್ನೊಂದು ಬಗೆಯ ಕಾವಲು ಇದೆ. ಅಲ್ಲಿ ಕಾವೇರಿಯ ವಹ್ನಿ ಪುಷ್ಕರಣಿಯ ಮೀನುಗಳು ದೇವರ ಮೀನುಗಳು. ಯಾತ್ರಿಕರು ಪುರಿ ಎಸೆದರೆ ದೊಡ್ಡ ದೊಡ್ಡ ಮೀನುಗಳು ಮೆಟ್ಟಿಲ ಬಳಿಗೇ ಬರುತ್ತವೆ. ಅಲ್ಲಿ ಗಾಳ ಹಾಕುವಂತಿಲ್ಲ. ಹೊಳೆಯ ಒಂದು ತುಂಡನ್ನು ಸಮವಸ್ತ್ರದ ನೆರವಿಲ್ಲದೆ ನಂಬಿಕೆಯೇ ಇಷ್ಟು ಕಾಲ ಕಾದುಕೊಂಡು ಬಂದಿದೆ. ಆದರೆ ಆ ನಂಬಿಕೆಯ ಎಲ್ಲೆ ಆ ಮಡುವಿನ ಎಲ್ಲೆಯೇ. ಮರಳು ತುಂಬುವ ಲಾರಿಯನ್ನು ತಡೆಯಲು ಅದು ಸಾಲದು, ಅದಕ್ಕೆ ರಾತ್ರಿ ಗಸ್ತಿನ ಪೊಲೀಸ್ ಜೀಪೇ ಬೇಕಾಗಿದೆ.

ನೀರಗಂಟಿಕೆ ಕಾನೂನಿನ ದೃಷ್ಟಿಯಲ್ಲಿ ಕೊನೆಗೊಂಡದ್ದು 1963ರ ಫೆಬ್ರವರಿ 1ರಂದು. ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1961ರದು, ಜಾರಿಗೆ ಬಂದದ್ದು ಆ ದಿನ. ವಂಶಪಾರಂಪರ್ಯವಾಗಿ ಬಂದಿದ್ದ ಹಳ್ಳಿಯ ಹುದ್ದೆಗಳೆಲ್ಲ ಅಂದು ರದ್ದಾದವು. ಶಾನುಭೋಗನ ಜಾಗಕ್ಕೆ ಗ್ರಾಮ ಲೆಕ್ಕಿಗ ಬಂದ. ಇನಾಮು ಭೂಮಿಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡು, ಹಿಡುವಳಿದಾರರಿಗೆ ಮರುಮಂಜೂರು ಮಾಡುವ ಏರ್ಪಾಡಾಯಿತು. ಹಾಗೆ ಕೈಗೆ ಬಂದ ತುಂಡು ಭೂಮಿಯನ್ನೂ ಬಡವರು ಬಲಾಢ್ಯರಿಗೆ ಮಾರಿಕೊಳ್ಳತೊಡಗಿದಾಗ 1978ರ ತಿದ್ದುಪಡಿ ಹದಿನೈದು ವರ್ಷ ಪರಭಾರೆ ಮಾಡದಂತೆ ತಡೆ ಹಾಕಿತು. ಹುಟ್ಟಿನಿಂದಲೇ ಒಬ್ಬನ ಹಣೆಗೆ ಕೆಲಸ ಕಟ್ಟುವ ಪದ್ಧತಿ ಹೋಗಬೇಕಾಗಿತ್ತು, ಹೋಯಿತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಹುದ್ದೆ ಹೋದ ದಿನ ಕೆರೆ ಹೋಗಲಿಲ್ಲ. ಏಡಿ ಬಿಲ ತೋಡುವುದನ್ನು ಬಿಡಲಿಲ್ಲ. ಆಯಗಾರ ಹೋದ ಮೇಲೆ ಆ ಬಿಲ ಮುಚ್ಚುವವರು ಯಾರು ಎಂಬುದಕ್ಕೆ ಕಾಯಿದೆ ಉತ್ತರ ಕೊಡಲಿಲ್ಲ. ಹಲವು ಊರುಗಳಲ್ಲಿ ನೀರಗಂಟಿ ಹಳೆಯ ಅಭ್ಯಾಸಬಲದಿಂದ ಇನ್ನೊಂದು ತಲೆಮಾರು ತೂಬು ಎತ್ತಿದ. ಅವನ ಮಗ ಬೆಂಗಳೂರಿನ ಬಸ್ಸು ಹತ್ತಿದರೆ ತಪ್ಪು ಹೇಳುವುದು ಹೇಗೆ?

ಈ ನಡುವೆ 1965ರಲ್ಲಿ ನೀರಾವರಿ ಕಾಯಿದೆ ಬಂತು. ನಾಲೆ ಒಡೆಯುವುದು, ಅನುಮತಿಯಿಲ್ಲದೆ ನೀರು ತಿರುಗಿಸುವುದು ಶಿಕ್ಷಾರ್ಹ ಅಪರಾಧವಾದವು. ಇಂಥ ಕಾನೂನಿನ ಬೇರು ಬ್ರಿಟಿಷರ ಕಾಲಕ್ಕೆ ಹೋಗುತ್ತದೆ. 1873ರ ಉತ್ತರ ಭಾರತದ ಕಾಲುವೆ ಕಾಯಿದೆಯಲ್ಲಿ, ಕಣ್ಣೆದುರೇ ನಾಲೆಗೆ ಹಾನಿ ಮಾಡಿದವನನ್ನು ವಾರಂಟ್ ಇಲ್ಲದೆ ಹಿಡಿದು ಠಾಣೆಗೆ ಒಪ್ಪಿಸುವ ಅಧಿಕಾರ ಕಾಲುವೆಯ ನೌಕರನಿಗೇ ಇತ್ತು. ಕಾಗದದ ಮೇಲೆ ನೀರಿನ ನೌಕರನೂ ಪೊಲೀಸನೇ. ದಂಡೆಯ ಮೇಲೆ ಅವನು ಒಬ್ಬಂಟಿ, ಎದುರಿಗಿರುವವರು ಹತ್ತು ಮಂದಿ, ಅವರಲ್ಲಿ ಒಬ್ಬ ಊರ ಮುಖಂಡ.

ಆಮೇಲೆ ಬಂದದ್ದು ಗೊರೂರಿನ ಅಣೆಕಟ್ಟು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರಹಗಳಿಂದ ಕನ್ನಡಿಗರಿಗೆಲ್ಲ ಪರಿಚಿತವಾಗಿದ್ದ ಊರು 1979ರ ಹೊತ್ತಿಗೆ ಜಲಾಶಯದ ಹೆಸರಾಯಿತು. ಗರಿಷ್ಠ ಮಟ್ಟ 2,922 ಅಡಿ, ಸಂಗ್ರಹ ಸುಮಾರು 37 ಟಿಎಂಸಿ ಅಡಿ. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಎದ್ದು ನಿಲ್ಲುವುದನ್ನು ನೋಡಲು ಇಂದಿಗೂ ಜನ ಹೋಗುತ್ತಾರೆ. ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರಗಳ ಕಡೆಗೆ ಹೊರಟವು. ಎಡದಂಡೆಯದು ಚನ್ನರಾಯಪಟ್ಟಣದತ್ತ ಬಂದು, ಮಂಡ್ಯ, ತುಮಕೂರು ಜಿಲ್ಲೆಗಳಿಗೂ ನೀರು ಹೊತ್ತಿತು. ತುಮಕೂರಿನ ಪಾಲು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಮತ್ತು ನವಿಲೆಗಳ ನಡುವೆ ಕಿಲೋಮೀಟರುಗಟ್ಟಲೆ ಸುರಂಗದಲ್ಲಿ ಸಾಗುತ್ತದೆ. ನೆಲದ ಮೇಲೆ ಒಣಗಿದ ಕೆರೆ, ನೆಲದ ಕೆಳಗೆ ಬೇರೆ ಜಿಲ್ಲೆಗೆ ಹರಿಯುವ ಹೇಮಾವತಿ! ನೀರಗಂಟಿಯ ಕಾಲದಲ್ಲಿ ಮೇಲಿನ ಗದ್ದೆ ಮತ್ತು ಕೊನೆಯ ಗದ್ದೆ ಒಂದೇ ಬಯಲಿನವು, ಇಬ್ಬರೂ ಒಂದೇ ಜಾತ್ರೆಯ ತೇರು ಎಳೆಯುವವರು. ಈಗ ಅವರು ಬೇರೆ ಬೇರೆ ಜಿಲ್ಲೆಗಳವರು, ಒಬ್ಬರ ಮುಖ ಒಬ್ಬರು ನೋಡದವರು.

ಹೀಗಾದಾಗ ಗುದ್ದಲಿಯ ಕಾವಲು ಸಾಲದಾಗಿ ಲಾಠಿಯ ಕಾವಲು ಬಂತು. ನೀರು ಕಡಿಮೆಯಾದ ವರ್ಷ ನಾಲೆಗೆ ಇಳಿಬಿಟ್ಟ ಪಂಪ್‌ಸೆಟ್‌ಗಳನ್ನು ಕೀಳಿಸಲು ಇಂಜಿನಿಯರರ ಜೊತೆ ಪೊಲೀಸರೂ ಹೋಗಬೇಕು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಯ ವೇಳೆ ಕೃಷ್ಣರಾಜಸಾಗರದ ಸುತ್ತ ನಿಷೇಧಾಜ್ಞೆ ಇತ್ತು. 2025ರ ಮೇ ಕೊನೆಯಲ್ಲಿ ಹೇಮಾವತಿ ಲಿಂಕ್ ಕಾಲುವೆಯ ವಿರುದ್ಧ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ರೈತರು ಸೇರಿದಾಗಲೂ ನಿಷೇಧಾಜ್ಞೆ, ಪೊಲೀಸ್ ಪಹರೆ. 2024ರಲ್ಲಿ ನೀರಾವರಿ ಕಾಯಿದೆಗೇ ತಿದ್ದುಪಡಿ ತಂದು ನಾಲೆಯಿಂದ ಅಕ್ರಮವಾಗಿ ನೀರೆತ್ತುವುದಕ್ಕೆ ಶಿಕ್ಷೆ ಏರಿಸಲಾಯಿತು. ನಾಲೆಯ ಅಂಚಿನ ಕೊಳವೆ ಬಾವಿಗಳಿಗೂ ಕಡಿವಾಣ ಬಂತು. ಕೊನೆಯ ಭಾಗದ ರೈತನಿಗೆ ನೀರು ತಲುಪಿಸುವುದು ಇದರ ಉದ್ದೇಶ. ಉದ್ದೇಶ ಸರಿಯಾದದ್ದೇ. ಪೊಲೀಸರಿಗೆ ತೊಡಕೆಂದರೆ ಅವರು ನಾಲೆಗೆ ಬರುವುದು ಜಗಳದ ದಿನ, ನೀರು ಕಳುವಾಗುವುದು ಪ್ರತಿ ರಾತ್ರಿ.

ಬೇರೆ ದೇಶಗಳವರು ಇದನ್ನು ಹೇಗೆ ನಿಭಾಯಿಸಿದ್ದಾರೆ? ಸ್ಪೇನಿನ ವೆಲೆನ್ಸಿಯಾ ನಗರದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಇಗರ್ಜಿಯ ಬಾಗಿಲಲ್ಲಿ ಒಂದು ನೀರಿನ ನ್ಯಾಯಾಲಯ ಸೇರುತ್ತದೆ. ತೂರಿಯಾ ನದಿಯ ಕಾಲುವೆಗಳ ರೈತರು ತಾವೇ ಆರಿಸಿದ ರೈತರೇ ಅಲ್ಲಿ ನ್ಯಾಯಾಧೀಶರು. ವಕೀಲರಿಲ್ಲ, ಬರವಣಿಗೆಯ ವಾದವಿಲ್ಲ, ಅಂದಿನ ದೂರು ಅಂದೇ ತೀರ್ಮಾನ. ಪ್ರತಿ ಕಾಲುವೆಗೂ ಒಬ್ಬ ಕಾವಲುಗಾರ, ತಪ್ಪು ಮಾಡಿದವನನ್ನು ಕರೆತರುವುದು ಅವನ ಹೊಣೆ. ಯುನೆಸ್ಕೊ 2009ರಲ್ಲಿ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲೂ ಈ ದಾರಿಯ ಪ್ರಯತ್ನಗಳು ಆಗದೆ ಇಲ್ಲ. ಮೈಸೂರು ಸಂಸ್ಥಾನ 1911ರಲ್ಲೇ ಕೆರೆ ಪಂಚಾಯಿತಿಗಳಿಗೆ ಕಾನೂನು ಮಾಡಿತ್ತು. 2000ದಲ್ಲಿ ನೀರಾವರಿ ಕಾಯಿದೆಯನ್ನು ತಿದ್ದಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅವಕಾಶ ಮಾಡಲಾಯಿತು. ಸಂಘಗಳಿಗೆ ಅಧ್ಯಕ್ಷರು ಸುಲಭವಾಗಿ ಸಿಕ್ಕರು. ರಾತ್ರಿ ನಾಲೆಗುಂಟ ನಡೆಯುವವರು ಸಿಗುವುದು ಕಷ್ಟವಾಯಿತು.

ಅತ್ತ ಮೇಲಿನ ಹಂತದಲ್ಲಿ ನೀರಗಂಟಿಕೆ ಬೇರೆ ರೂಪದಲ್ಲಿ ಮರಳಿ ಬಂದಿದೆ. ಸುಪ್ರೀಂ ಕೋರ್ಟಿನ 2018ರ ತೀರ್ಪಿನ ನಂತರ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಮತ್ತು ಅದರ ನಿಯಂತ್ರಣ ಸಮಿತಿ ಮೂರು ರಾಜ್ಯಗಳ ಎಂಟು ಜಲಾಶಯಗಳ ಮಟ್ಟವನ್ನು ಗಮನಿಸುತ್ತವೆ. ಕರ್ನಾಟಕದ ನಾಲ್ಕರಲ್ಲಿ ಗೊರೂರಿನ ಹೇಮಾವತಿಯೂ ಒಂದು. ಯಾವ ರಾಜ್ಯದಲ್ಲೂ ಸ್ವಂತ ಗದ್ದೆಯಿಲ್ಲದ ಕಾವಲುಗಾರನಿಗಾಗಿ ನಡೆದ ಹುಡುಕಾಟ ಇದು. ಮಳೆ ಚೆನ್ನಾದ ವರ್ಷ ಪ್ರಾಧಿಕಾರದ ಹೆಸರೂ ಯಾರಿಗೂ ನೆನಪಾಗುವುದಿಲ್ಲ. ಅರ್ಧ ಕೆರೆಯ ವರ್ಷ ಅದರ ಪ್ರತಿ ಸಭೆಯೂ ಮುಖಪುಟದ ಸುದ್ದಿ.

ಇತ್ತ ಚನ್ನರಾಯಪಟ್ಟಣದ ಕಡೆಯ ಕೆರೆಗಳಿಗೆ ಏತ ನೀರಾವರಿಯ ಪೈಪುಗಳಿಂದ ನದಿಯ ನೀರು ಬರತೊಡಗಿದೆ. ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿದ ದಿನ ಪೂಜೆ, ಬಾಗಿನ, ಜನಪ್ರತಿನಿಧಿಗಳ ಭಾಷಣ ಎಲ್ಲ ಆಗುತ್ತದೆ. ಅಚ್ಚುಕಟ್ಟಿನ ಗದ್ದೆಗಳಲ್ಲಿ ಈಗ ತೆಂಗು ಎದ್ದಿದೆ, ಕೊಳವೆ ಬಾವಿಗಳು ಬಂದಿವೆ. ಕೆರೆಯ ನೀರು ಇಂಗಿ ಬಾವಿಗೆ ಬಂದರೆ ಸಾಕು, ತೂಬು ಎತ್ತುವುದೇ ಬೇಡ ಎನ್ನುವವರು ಕೆಲವರು. ಕೆಳಗೆ ಇನ್ನೂ ಭತ್ತ ನಾಟಿ ಮಾಡುವ ಎರಡು ಮೂರು ಮನೆಯವರು ಅದಕ್ಕೆ ಒಪ್ಪುವುದಿಲ್ಲ. ಜಗಳ ಪಂಚಾಯಿತಿಗೆ ಬಂದಾಗ ಎಲ್ಲರೂ ತಿರುಗಿ ನೋಡುವುದು ಮೋಟಾರು ಹಾಕುವ ನೀರಗಂಟಿಯನ್ನು. ಅವನ ಬಳಿ ಇರುವುದು ಪಂಪ್‌ಹೌಸಿನ ಕೀಲಿ ಮಾತ್ರ.